ಬೇಡವೆನ್ನಿ, ಕಾರಣವನ್ನೂ ಹೇಳಿ

ಸಿನಿಮಾ ಪಾತ್ರಗಳನ್ನು ಪರವಾನಗಿಯ ಮೇಲೆ ಕಾಮಿಕ್ಸ್‌ಗೆ ತರುವ ಬರಹಗಾರರಿಗೆ ಹಕ್ಕುದಾರರು ಹಾಕುವ ಕಟ್ಟುಪಾಡುಗಳೆಲ್ಲ ಕೆಟ್ಟವಲ್ಲ. ಕಾರಣ, ಪರ್ಯಾಯ ಎರಡನ್ನೂ ಕೊಡದ ಕಟ್ಟುಪಾಡು ಮಾತ್ರ ಕಥೆಯನ್ನು ಸೊರಗಿಸುತ್ತದೆ. ಅಮೆರಿಕದ ಮಾರ್ವೆಲ್ 1977ರಿಂದ 1986ರವರೆಗೆ ಪ್ರಕಟಿಸಿದ ‘ಸ್ಟಾರ್ ವಾರ್ಸ್’ ಕಾಮಿಕ್ಸ್ ಇದಕ್ಕೆ ಸಾಕ್ಷಿ. ಈ ಸರಣಿಯ 1980ರ ಚಿತ್ರದ ಕೊನೆಯಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೊ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಸೆರೆಯಾಗುತ್ತಾನೆ. ಮುಂದಿನ ಚಿತ್ರ ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ತಿಂಗಳು ತಿಂಗಳೂ ಹೊಸ ಕಥೆ ಬೇಕು, ಆದರೆ ಅವನನ್ನು ಬಿಡಿಸುವಂತಿಲ್ಲ. ಲೇಖಕ ಡೇವಿಡ್ ಮಿಶೆಲಿನಿ ಮತ್ತು ಕಲಾವಿದ ವಾಲ್ಟರ್ ಸೈಮನ್ಸನ್ ಮೊದಲ ಚಿತ್ರದ ಗ್ರಹನಾಶಕ ಅಸ್ತ್ರ ‘ಡೆತ್ ಸ್ಟಾರ್’ನಂಥ ಎರಡನೆಯದನ್ನು ಕಲ್ಪಿಸಿಕೊಂಡಾಗ ಹಕ್ಕುದಾರ ಸಂಸ್ಥೆ ಲ್ಯೂಕಾಸ್‌ಫಿಲ್ಮ್ ಬೇಡವೆಂದಿತು. ಅವರು ಅದನ್ನೇ ‘ಟಾರ್ಕಿನ್’ ಎಂಬ ಅಸ್ತ್ರವಾಗಿ ಬದಲಿಸಿದರು. ಆ ನಿರಾಕರಣೆಯ ಕಾರಣ ಬಯಲಾದದ್ದು 1983ರ ಚಿತ್ರದಲ್ಲಿ ಎರಡನೆಯ ಡೆತ್ ಸ್ಟಾರ್ ಕಂಡಾಗ.

ಪಾತ್ರ ಹಕ್ಕುದಾರರದು, ಷರತ್ತು ಒಪ್ಪಿಯೇ ಬರಹಗಾರ ಕೆಲಸ ಹಿಡಿದಿದ್ದಾನೆ, ಗುಟ್ಟು ಬಯಲಾದರೆ ಕೋಟ್ಯಂತರ ಹಣ ಹೂಡಿದವರ ಗತಿಯೇನು ಎಂಬ ವಾದದಲ್ಲಿ ಹುರುಳಿದೆ. ಆದರೆ ಗುಟ್ಟು ಕಾಯುವುದಕ್ಕೂ ಬರಹಗಾರನನ್ನು ಕತ್ತಲಲ್ಲಿಡುವುದಕ್ಕೂ ವ್ಯತ್ಯಾಸವಿದೆ. ಗೋಪ್ಯತೆಯ ಒಪ್ಪಂದ ಇರುವುದೇ ಗುಟ್ಟು ಕಾಯುವುದಕ್ಕೆ. 1991ರ ಸ್ಟಾರ್ ವಾರ್ಸ್ ಕಾಮಿಕ್ಸ್ ‘ಡಾರ್ಕ್ ಎಂಪೈರ್’ ನೋಡಿ: ಚಿತ್ರಗಳ ಖಳನಾಯಕ ವೇಡರ್‌ನ ವೇಷದ ನಕಲಿ ಖಳನನ್ನು ತಡೆದ ಲ್ಯೂಕಾಸ್‌ಫಿಲ್ಮ್, ಸತ್ತ ಚಕ್ರವರ್ತಿಯೇ ಮರಳಿ ಬರುವುದನ್ನು ಒಪ್ಪಿತು. ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ತೆರೆದದ್ದರಿಂದ ಕಥೆಗೆ ಬಲ ಬಂತು. ಹಾಗಾಗಿ ಯಾವ ಪಾತ್ರ, ಯಾವ ಘಟನೆ ಮುಟ್ಟಬಾರದೆಂದು ಬರವಣಿಗೆ ಶುರುವಾಗುವ ಮೊದಲೇ ಲಿಖಿತವಾಗಿ ತಿಳಿಸಬೇಕು, ಉಳಿದದ್ದನ್ನು ಬರಹಗಾರನ ವಿವೇಚನೆಗೆ ಬಿಡಬೇಕು. ಪರವಾನಗಿ ಪಡೆದ ಪ್ರಕಾಶಕರು ಹೆಸರಿನ ಜೊತೆಗೆ ಅವನ ಕಲ್ಪನೆಗೂ ಹಣ ತೆತ್ತಿದ್ದಾರೆ. ಅದನ್ನು ಕಟ್ಟಿಹಾಕಿದರೆ ನಷ್ಟ ಹಕ್ಕುದಾರರಿಗೂ ಹೌದು.