ಒಂದು ರೂಪಾಯಿಯ ಲೆಕ್ಕ

‘ತಿಂದ್ರೆ ತಿನ್ಲಿ ಬಿಡ್ರೀ, ಕೆಲಸ ಮಾಡ್ತಾನಲ್ಲ.’

ಈ ಮಾತು ಕಿವಿಗೆ ಬೀಳದ ಟೀ ಅಂಗಡಿ, ಕಟಿಂಗ್ ಶಾಪ್, ಮದುವೆ ಪಂಕ್ತಿ ನಮ್ಮಲ್ಲಿ ಉಳಿದಿಲ್ಲ. ಮೊದಲೆಲ್ಲ ಇದನ್ನು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದರು. ಈಗ ಪೆನ್ಷನ್ ತೆಗೆದುಕೊಳ್ಳುವ ಮೇಷ್ಟರೂ ಎಲೆ ಮುಂದೆ ಕೂತು ಗಟ್ಟಿಯಾಗಿಯೇ ಹೇಳುತ್ತಾರೆ. ‘ಪಾಪ, ಒಳ್ಳೇ ಮನುಷ್ಯ’ ಎಂದು ಯಾರಾದರೂ ಒಬ್ಬ ಅಭ್ಯರ್ಥಿಯ ಬಗ್ಗೆ ಅಂದರೆ ಅವನ ಠೇವಣಿ ಹೋಯಿತು ಎಂದೇ ಅರ್ಥ. ಪ್ರಾಮಾಣಿಕತೆ ಎಂಬುದು ಕೈಲಾಗದವನ ಕೊನೆಯ ಆಸ್ತಿ ಎಂಬಂತಾಗಿದೆ.

ಇದನ್ನು ಹೇಳುವವರು ತಮ್ಮನ್ನು ವ್ಯವಹಾರಸ್ಥರು ಅಂದುಕೊಂಡಿರುತ್ತಾರೆ. ಹಾಗಾದರೆ ವ್ಯವಹಾರವನ್ನೇ ಮಾತಾಡೋಣ. ನೀತಿ ಪಾಠ ಬೇಡ, ಲೆಕ್ಕದ ಪುಸ್ತಕ ತೆಗೆಯೋಣ.

ಪುಸ್ತಕ ನಿಜವಾಗಿಯೂ ಇದೆ. ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬನಿಗೂ ಚುನಾವಣಾಧಿಕಾರಿ ಒಂದು ವೆಚ್ಚದ ರಿಜಿಸ್ಟರ್ ಕೊಡುತ್ತಾರೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕಿನ ಲೆಕ್ಕ. ಜಿಲ್ಲಾಡಳಿತ ಒಂದು ದರಪಟ್ಟಿ ಹೊರಡಿಸಿರುತ್ತದೆ: ಟೀಗೆ ಇಷ್ಟು, ಪ್ಲೇಟ್ ಇಡ್ಲಿಗೆ ಇಷ್ಟು, ಕುರ್ಚಿ ಬಾಡಿಗೆ, ಶಾಮಿಯಾನ, ಬಾವುಟ, ಹಾರ, ತಮಟೆಯವರ ಕೂಲಿ. ಸಭೆಗೆ ವೀಡಿಯೊ ತಂಡ ಬಂದು ಎಷ್ಟು ಕುರ್ಚಿ ಹಾಕಿದ್ದಾರೆ ಎಂದು ಚಿತ್ರ ಹಿಡಿಯುತ್ತದೆ. ಚುನಾವಣಾ ಇಲಾಖೆಯೂ ತನ್ನ ಪಾಲಿನ ‘ನೆರಳು ಲೆಕ್ಕ’ ಬರೆದಿಟ್ಟು ಎರಡನ್ನೂ ತಾಳೆ ನೋಡುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಇದೆಲ್ಲವನ್ನೂ ಪ್ರಮಾಣಪತ್ರದ ಜೊತೆ ಒಪ್ಪಿಸಬೇಕು. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ದಾಟುವಂತಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಒಬ್ಬ ಅಭ್ಯರ್ಥಿಯ ಲೆಕ್ಕ ಬರೆಯುತ್ತಿದ್ದ ಸ್ನೇಹಿತರ ಪಕ್ಕ ಒಂದು ಸಂಜೆ ಕೂತಿದ್ದೆ. ಅವರ ಮೇಜಿನ ಮೇಲೆ ಹೋಟೆಲಿನ ಬಿಲ್ಲುಗಳ ಕಂತೆ, ಕ್ಯಾಲ್ಕುಲೇಟರು. ‘ಇವತ್ತು ನೂರಾ ಎಂಬತ್ತು ಟೀ ಅಂತ ಹಾಕ್ಲಾ, ಇನ್ನೂರು ಅಂತ ಹಾಕ್ಲಾ?’ ಎಂದು ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದರು. ಅದೇ ಹೊತ್ತಿಗೆ ಊರಾಚೆಯ ತೋಟವೊಂದರಲ್ಲಿ ಸಾವಿರ ಜನಕ್ಕೆ ಬಾಡೂಟ ನಡೆದಿತ್ತು. ಗಾಳಿ ಈ ಕಡೆ ಬೀಸಿದಾಗ ಮಸಾಲೆ ವಾಸನೆ ನಮ್ಮ ಮೂಗಿಗೂ ಬಂತು. ಅದು ಬಿಳಿ ಹಾಳೆಯಲ್ಲಿ ಇಲ್ಲ, ಗುಲಾಬಿಯಲ್ಲೂ ಇಲ್ಲ. ‘ಅದಕ್ಕೆ ಬೇರೆ ಬುಕ್ಕು ಇದೆ’ ಎಂದು ಸ್ನೇಹಿತರು ನಕ್ಕರು. ಲೆಕ್ಕ ಬರೆಯುವುದರಲ್ಲಿ ಪಳಗಿದ ಕೈ, ಟೀ ಲೋಟ ಒಂದೂ ಹೆಚ್ಚುಕಡಿಮೆ ಆಗಲಿಲ್ಲ.

ಒಂದು ಗುಣಾಕಾರ ಮಾಡಿ ನೋಡಿ. ಮೂರು ದೊಡ್ಡ ಪಕ್ಷಗಳು ರಾಜ್ಯದ 224 ಕ್ಷೇತ್ರಗಳಲ್ಲೂ ಅಭ್ಯರ್ಥಿ ನಿಲ್ಲಿಸಿ, ಒಬ್ಬೊಬ್ಬರೂ 40 ಲಕ್ಷವನ್ನು ಕೊನೆಯ ಪೈಸೆವರೆಗೆ ಖರ್ಚು ಮಾಡಿದರು ಅನ್ನಿ. ಒಟ್ಟು 269 ಕೋಟಿ ಮುಟ್ಟುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಆಯೋಗದವರು ಹಿಡಿದದ್ದೇ 375 ಕೋಟಿ. ಅದರಲ್ಲಿ ಬರೀ ನಗದು 147 ಕೋಟಿ, ಉಳಿದದ್ದು ಬಂಗಾರ, ಬೆಳ್ಳಿ, ಮದ್ಯ, ಮಾದಕ ವಸ್ತು, ಹಂಚುವ ಸಾಮಾನು. ಹಿಡಿದದ್ದೆಲ್ಲ ಅಭ್ಯರ್ಥಿಗಳದ್ದೇ ಆಗಿರಲಿಕ್ಕಿಲ್ಲ, ಒಪ್ಪೋಣ. ಆದರೆ ಸಿಗದೆ ದಾಟಿಹೋದದ್ದು ಎಷ್ಟು ಎಂದು ಯಾವ ಚೆಕ್‌ಪೋಸ್ಟಿನ ಪೇದೆಯನ್ನು ಕೇಳಿದರೂ ಆತ ಕೈಯಾಡಿಸಿ ನಗುತ್ತಾನೆ. ಇಷ್ಟಾದ ಮೇಲೂ ಗೆದ್ದವನು 40 ಲಕ್ಷದ ಒಳಗೇ ಗೆದ್ದೆ ಎಂದು ಪ್ರಮಾಣ ಮಾಡಿ ಸಹಿ ಹಾಕುತ್ತಾನೆ. ವಿಧಾನಸೌಧದ ಮೆಟ್ಟಿಲು ಹತ್ತಿ ಇನ್ನೂ ತಿಂಗಳಾಗಿರುವುದಿಲ್ಲ.

‘ಕೆಲಸ ಮಾಡ್ತಾನಲ್ಲ’ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಬೇರೆ ಬುಕ್ಕಿನ ದುಡ್ಡು ಎಲ್ಲಿಂದಲೋ ಬಂದದ್ದು, ಅಲ್ಲಿಗೇ ವಾಪಸು ಹೋಗಬೇಕಾದದ್ದು. ಶಾಸಕನ ಸಂಬಳ ಭತ್ಯೆಯಲ್ಲಿ ಅದು ತೀರುವುದಿಲ್ಲ. ರಾಜ್ಯದ ಗುತ್ತಿಗೆದಾರರ ಸಂಘ ಶೇ 40ರ ಕಮಿಷನ್ ಆರೋಪ ಹೊರಿಸಿ 2021ರಲ್ಲಿ ಪ್ರಧಾನಿಗೇ ಪತ್ರ ಬರೆಯಿತು. ಆ ಪತ್ರದ ಮೇಲೆ ಒಂದು ಚುನಾವಣೆಯೇ ನಡೆಯಿತು, ಸರ್ಕಾರವೂ ಬದಲಾಯಿತು. ಬದಲಾದ ಮೇಲೆ ಗುತ್ತಿಗೆದಾರರ ದೂರು ನಿಂತಿತೇ? ಇಲ್ಲ. ಆರೋಪ ಎಷ್ಟು ನಿಜ, ಶೇಕಡಾ ಎಷ್ಟು ಎಂಬುದು ತನಿಖೆಗೆ ಬಿಟ್ಟದ್ದು. ಆದರೆ ಮೊದಲ ಮಳೆಗೆ ಕಿತ್ತುಬರುವ ರಸ್ತೆಯ ಡಾಂಬರಿನಲ್ಲಿ ಯಾರ ಬಾಡೂಟ ಬೆರೆತಿದೆ ಎಂದು ಊಹಿಸಲು ತನಿಖಾಧಿಕಾರಿ ಬೇಕಿಲ್ಲ. ತಿನ್ನುವುದೂ ಕೆಲಸ ಮಾಡುವುದೂ ಬೇರೆ ಬೇರೆ ತಟ್ಟೆಯಲ್ಲಿ ಇರುವುದಿಲ್ಲ ಸ್ವಾಮಿ.

ಇದಕ್ಕೆ ರಾಜಕಾರಣಿಗಳು ಕೊಡುವ ಉತ್ತರವೂ ಗೊತ್ತಿದೆ. ‘ಮಿತಿಯೇ ಅವಾಸ್ತವ. 40 ಲಕ್ಷದಲ್ಲಿ ಯಾರು ಚುನಾವಣೆ ಮಾಡ್ತಾರೆ? ಕಾನೂನೇ ನಮ್ಮ ಕೈಲಿ ಸುಳ್ಳು ಹೇಳಿಸುತ್ತೆ.’ ಸರಿ. ಕಾನೂನು ಮಾಡುವವರು ಯಾರು? ಸಂಸತ್ತಿನಲ್ಲಿ ಕೂತ ಇವರೇ ತಾನೆ? ನಾನು ಇಷ್ಟು ಖರ್ಚು ಮಾಡಿದೆ, ಮಿತಿ ಸಾಲದು, ಬದಲಿಸಿ ಎಂದು ಸದನದ ಕಡತಕ್ಕೆ ಹೋಗುವಂತೆ ಎದ್ದು ಹೇಳುವುದಕ್ಕೆ ಏನು ಅಡ್ಡಿ? 2022ರ ಆರಂಭದಲ್ಲಿ ಮಿತಿ 40 ಲಕ್ಷಕ್ಕೆ ಏರಿತು. ಏರಿದ ಮೇಲೂ ಲೆಕ್ಕಪತ್ರಗಳು ಯಥಾಪ್ರಕಾರ ಮಿತಿಯ ಒಳಗೇ ಮುದ್ದಾಗಿ ಕೂತಿವೆ. ಸಾಲದ್ದಕ್ಕೆ ತಾರಾ ಪ್ರಚಾರಕರ ಹೆಲಿಕಾಪ್ಟರಿನ ಓಡಾಟ ಅಭ್ಯರ್ಥಿಯ ಲೆಕ್ಕಕ್ಕೇ ಬರುವುದಿಲ್ಲ, ಪಕ್ಷದ ಖರ್ಚಿಗೆ ಮಿತಿಯೂ ಇಲ್ಲ. ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟರೂ ಇವರು ಕಿಟಕಿಯಿಂದಲೇ ಹಾರುತ್ತಾರೆ.

ಒಬ್ಬರು ಒಮ್ಮೆ ಬಾಯಿಬಿಟ್ಟರು. ಮಹಾರಾಷ್ಟ್ರದ ಗೋಪಿನಾಥ ಮುಂಡೆ. 2009ರ ಲೋಕಸಭಾ ಚುನಾವಣೆಗೆ ಎಂಟು ಕೋಟಿ ಖರ್ಚಾಯಿತು ಎಂದು 2013ರಲ್ಲಿ ಮುಂಬೈಯ ಸಭೆಯೊಂದರಲ್ಲಿ ಹೇಳಿಬಿಟ್ಟರು. ಆಗಿನ ಮಿತಿ 25 ಲಕ್ಷ. ಅವರು ಕೊಟ್ಟ ಲೆಕ್ಕ ಅದಕ್ಕಿಂತಲೂ ಕೆಳಗೆ. ಚುನಾವಣಾ ಆಯೋಗ ನೋಟಿಸ್ ಕೊಟ್ಟಿತು, ಸ್ವಲ್ಪ ದಿನ ಗದ್ದಲವಾಯಿತು. ಆಮೇಲೆ? ಅನರ್ಹತೆಯೇನೂ ಆಗಲಿಲ್ಲ. 2014ರಲ್ಲಿ ಮತ್ತೆ ಗೆದ್ದು ಕೇಂದ್ರ ಸಚಿವರಾದರು, ಕೆಲವೇ ದಿನಗಳಲ್ಲಿ ಅಪಘಾತದಲ್ಲಿ ತೀರಿಕೊಂಡರು. ಮುಂಡೆ ಬಾಯಿಬಿಡುವುದಕ್ಕೆ ಎರಡು ವರ್ಷ ಮೊದಲು, 2011ರಲ್ಲಿ, ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಇದೇ ಆಯೋಗ ಮೂರು ವರ್ಷ ಅನರ್ಹಗೊಳಿಸಿತ್ತು. ಸುದ್ದಿಯ ವೇಷದಲ್ಲಿ ಪತ್ರಿಕೆಗಳಲ್ಲಿ ಹಾಕಿಸಿದ ಪ್ರಚಾರದ ಖರ್ಚನ್ನು ಲೆಕ್ಕದಲ್ಲಿ ಮುಚ್ಚಿಟ್ಟದ್ದು ತಪ್ಪು. ಮೊತ್ತ ಇಪ್ಪತ್ತು ಸಾವಿರದ ಆಸುಪಾಸು. ಸಾವಿರದ ಸುಳ್ಳಿಗೆ ಕುರ್ಚಿ ಹೋಯಿತು, ಕೋಟಿಯ ಸುಳ್ಳಿಗೆ ಮಂತ್ರಿ ಪದವಿ ಸಿಕ್ಕಿತು. ಸುಳ್ಳು ಲೆಕ್ಕವನ್ನು ವಿಚಾರಿಸುವ ಅಧಿಕಾರ ಆಯೋಗಕ್ಕೆ ಇಲ್ಲದಿಲ್ಲ. ನಮ್ಮ ನಾಗಮಂಗಲದ ಚುನಾವಣಾ ತಕರಾರೊಂದು ಸುಪ್ರೀಂ ಕೋರ್ಟಿನವರೆಗೆ ಹೋದಾಗಲೇ ಆ ಮಾತು ಬಂದಿತ್ತು, 2014ರಲ್ಲಿ ಅದೇ ಕೋರ್ಟು ಮತ್ತೆ ಗಟ್ಟಿ ಮಾಡಿತು. ಹತ್ಯಾರ ಇದೆ, ಎತ್ತುವ ಕೈ ಇಲ್ಲ.

ಪ್ರಾಮಾಣಿಕತೆ ಎಂದ ಕೂಡಲೇ ನಾವು ಹವಾಯಿ ಚಪ್ಪಲಿ, ಬಾಡಿಗೆ ಮನೆ, ಬಸ್ ಪ್ರಯಾಣದ ಫೋಟೊ ಹುಡುಕುತ್ತೇವೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಹಳೇ ಚಪ್ಪಲಿ ಹಾಕಿಕೊಂಡೇ ಬೇರೆ ಬುಕ್ಕು ಬರೆಸಬಹುದು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರನ್ನು ಸರಳಜೀವಿ ಎಂದು ಯಾರೂ ಹೊಗಳಿದ್ದು ನೆನಪಿಲ್ಲ. ಆದರೂ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ 1986ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದಾಗ ರಾಜೀನಾಮೆ ಬರೆದರು. ಮೂರು ದಿನಕ್ಕೆ ವಾಪಸು ಪಡೆದರು, ವಿರೋಧಿಗಳು ನಾಟಕ ಎಂದರು. ನಾಟಕವೇ ಇರಲಿ. ಕೋರ್ಟಿನ ಮಾತಿಗೆ ಕುರ್ಚಿ ಅಲ್ಲಾಡಬೇಕು ಎಂಬ ಲಜ್ಜೆಯಾದರೂ ಆ ನಾಟಕದಲ್ಲಿತ್ತು. ಈಗಿನವರು ಜಾಮೀನು ಸಿಕ್ಕ ದಿನ ಸೇಬಿನ ಹಾರ ಹಾಕಿಸಿಕೊಂಡು ಮೆರವಣಿಗೆ ಬರುತ್ತಾರೆ.

ಜನರೇ ದುಡ್ಡು ಕೇಳುತ್ತಾರೆ ಎಂಬ ದೂರಿದೆಯಲ್ಲ, ಅದು ಪೂರ್ತಿ ಸುಳ್ಳಲ್ಲ. ನಮ್ಮ ಬೀದಿಯಲ್ಲೂ ಕುಕ್ಕರ್ ಬಂದಿತ್ತು, ಬೇಡ ಎಂದವರ ಮನೆಯ ಗೇಟಿನ ಒಳಗಿಟ್ಟು ಹೋಗಿದ್ದರು. ಆದರೆ ಕುಕ್ಕರ್ ತೆಗೆದುಕೊಂಡ ಹೆಂಗಸು ಯಾವ ಅಧಿಕಾರಿಯ ಮುಂದೂ ಪ್ರಮಾಣ ಮಾಡಿ ತೆಗೆದುಕೊಳ್ಳಲಿಲ್ಲ ಎಂಬ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ದುಡ್ಡು ಆ ದಿಕ್ಕಿಗೇ ಹರಿಯಬೇಕು ಎಂದೇನೂ ಇರಲಿಲ್ಲ. 1952ರಲ್ಲಿ ಸಾಗರ–ಹೊಸನಗರದಲ್ಲಿ ನಿಂತ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಹತ್ತಿರ ಹೋಗಿ ಒಂದು ವೋಟು, ಒಂದು ನೋಟು ಎಂದು ಕೇಳಿದರು. ಜನ ಎರಡನ್ನೂ ಕೊಟ್ಟರು. ಒಂದು ರೂಪಾಯಿ ಕೊಟ್ಟವನಿಗೆ ಶಾಸಕನನ್ನು ತಡೆದು ನಿಲ್ಲಿಸಿ ಕೇಳುವ ಅಧಿಕಾರ ಇರುತ್ತದೆ.

ಆ ಒಂದು ರೂಪಾಯಿ ಈಗಲೂ ನಿಯಮದಲ್ಲಿ ಉಳಿದಿದೆ. ಅಭ್ಯರ್ಥಿ ಕೊಟ್ಟ ಲೆಕ್ಕವನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ನೋಡಬಹುದು. ಹೋದ ಚುನಾವಣೆ ಮುಗಿದ ಮೇಲೆ ನಾನೂ ಹೋಗಿದ್ದೆ. ‘ಇದನ್ನ ಕೇಳ್ಕೊಂಡು ಯಾರೂ ಬಂದಿಲ್ವಲ್ಲ ಸಾರ್, ನಿಮಗ್ಯಾಕೆ?’ ಎಂದು ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟಿನ ದನಿಯಲ್ಲ, ನಿಜವಾದ ಆಶ್ಚರ್ಯ. ಕಡತ ಐದು ನಿಮಿಷದಲ್ಲಿ ಸಿಕ್ಕಿತು. ಒಂದು ರೂಪಾಯಿಗೆ ರಸೀದಿಯನ್ನು ಯಾವ ಪುಸ್ತಕದಲ್ಲಿ ಹರಿಯಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಅದನ್ನು ಹುಡುಕುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಲ್ಲಿಯವರೆಗೆ ನಾನು ಬಿಳಿ ಹಾಳೆಗಳನ್ನು ತಿರುವುತ್ತಾ ಕೂತೆ. ಬಾಡೂಟದ ಆ ಸಂಜೆಯ ಪುಟ ಸಿಕ್ಕಿತು. ಇನ್ನೂರು ಟೀ ಎಂದೇ ಬರೆದಿದ್ದರು.