ದಾನಕ್ಕಿಂತ ಪಾಲನೆ ಮಿಗಿಲು

ಕನ್ನಡ ನಾಡಿನ ಶಾಸನಗಳನ್ನು ಓದಿ ಬಲ್ಲವರಿಗೆ ಒಂದು ಸಂಗತಿ ಸುಪರಿಚಿತವಾದುದು. ಕೆರೆಯನ್ನು ಕಟ್ಟಿಸಿದವನ, ದೇಗುಲಕ್ಕೆ ಭೂಮಿ ಬಿಟ್ಟವನ, ದಾರಿಹೋಕರಿಗೆ ಅರವಟ್ಟಿಗೆ ಇಡಿಸಿದವನ ಕೀರ್ತಿಯನ್ನು ವಿಸ್ತಾರವಾಗಿ ಬಣ್ಣಿಸಿದ ಶಾಸನಕವಿಯು ಕೊನೆಗೆ ಬಂದಾಗ ಮಾತಿನ ಧಾಟಿಯನ್ನೇ ಬದಲಿಸುತ್ತಾನೆ. ದಾನ, ಪಾಲನೆಗಳೆರಡರಲ್ಲಿ ಪಾಲನೆಯೇ ಶ್ರೇಷ್ಠವೆಂದೂ ಕೊಟ್ಟವನಿಗೆ ಸ್ವರ್ಗವಾದರೆ ಕಾಯ್ದವನಿಗೆ ಅಳಿವಿಲ್ಲದ ಪದವಿಯೆಂದೂ ಸಾರುವ ಸಂಸ್ಕೃತ ಶ್ಲೋಕವೊಂದು ಶಿಲಾಶಾಸನ, ತಾಮ್ರಪಟಗಳ ಅಂತ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಾನಿಯ ಖರ್ಚಿನಲ್ಲಿ ಕೆತ್ತಿಸಿದ ಕಲ್ಲಿನ ಮೇಲೆಯೇ ದಾನಿಗಿಂತ ಪಾಲಕನು ದೊಡ್ಡವನೆಂದು ಬರೆಯಿಸಿದ ಪೂರ್ವಿಕರ ವಿವೇಕ ಸಾಮಾನ್ಯವಾದುದಲ್ಲ.

ಇಂದಿನ ಸಾರ್ವಜನಿಕ ಜೀವನವು ಈ ವಿವೇಕವನ್ನು ಬಹುಮಟ್ಟಿಗೆ ಮರೆತಿದೆ. ಶಂಕುಸ್ಥಾಪನೆಗೆ ಜನ ನೆರೆಯುತ್ತಾರೆ. ಉದ್ಘಾಟನೆಗೆ ಇನ್ನೂ ಹೆಚ್ಚು ಜನ ನೆರೆಯುತ್ತಾರೆ. ಮೂರು ಮಳೆಗಾಲಗಳು ಕಳೆದ ಮೇಲೆ ಸೋರುವ ಸೂರಿನ ಅಡಿಯಲ್ಲಿ ಯಾರೂ ನೆರೆಯುವುದಿಲ್ಲ. ಊರಿನ ಉದ್ಧಾರವೆಂದರೆ ಹೊಸದನ್ನು ಕಟ್ಟುವುದೆಂಬ ಭಾವನೆ ಬಲಿತುಹೋಗಿದೆ. ವಾಸ್ತವದಲ್ಲಿ ಊರು ನಿಲ್ಲುವುದು ಇದ್ದುದನ್ನು ಕಾಯುವುದರಿಂದ. ಕಟ್ಟುವುದಕ್ಕೆ ಸಂಪತ್ತು, ಅಧಿಕಾರಗಳು ಬೇಕಾಗಬಹುದು. ಕಾಯುವುದಕ್ಕೆ ಬೇಕಾದುದು ಪ್ರತಿದಿನದ ಶ್ರದ್ಧೆ. ಅದು ಸಾಮಾನ್ಯನ ಬಳಿಯಲ್ಲಿಯೂ ಇರುವ ಬಂಡವಾಳ.

ಪ್ರಾಚೀನರು ‘ಸಪ್ತಸಂತಾನ’ಗಳೆಂದು ಏಳನ್ನು ಎಣಿಸಿದರು. ಪುತ್ರ, ನಿಧಿ, ದೇವಾಲಯ, ಅಗ್ರಹಾರ, ಕಾವ್ಯ, ಉದ್ಯಾನ, ತಟಾಕ ಇವೇ ಆ ಏಳು. ಹೆತ್ತ ಮಗನ ಪಂಕ್ತಿಯಲ್ಲಿಯೇ ಕೆರೆಯನ್ನೂ ತೋಪನ್ನೂ ಕೂಡಿಸಿದುದು ಗಮನಾರ್ಹ. ಸಂತಾನವೆಂಬ ಪದದ ಧಾತ್ವರ್ಥವೇ ಹರಡುವುದು, ಎಡೆಬಿಡದೆ ಮುಂದುವರಿಯುವುದು ಎಂದು. ಮಗುವನ್ನು ಹೆತ್ತು ಬೀದಿಯಲ್ಲಿ ಬಿಟ್ಟವರನ್ನು ಲೋಕವು ಸಂತಾನವಂತರೆಂದು ಕೊಂಡಾಡುವುದಿಲ್ಲ. ಕೆರೆಯ ವಿಷಯದಲ್ಲಿಯೂ ಶಾಲೆಯ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲಬೇಕು.

ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಕ್ರಿ.ಶ. ೧೩೬೯ರ ಅಲ್ಲಿಯ ಶಾಸನವು ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುತ್ತದೆ. ಉತ್ತಮ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು ಮೊದಲಾದ ದೋಷಗಳ ಜೊತೆಗೆ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವೆಂದು ಅಲ್ಲಿ ಹೇಳಿದೆ. ಮಣ್ಣು, ಕಲ್ಲು, ನೀರುಗಳ ಗುಣಾವಗುಣಗಳನ್ನು ಹೇಳುವಲ್ಲಿ ಗಡಿಯ ಮಾತೇಕೆ ಬಂದಿತೆಂದು ಆಲೋಚಿಸಿದರೆ ಉತ್ತರ ಸ್ಪಷ್ಟವಾಗುತ್ತದೆ. ಇಬ್ಬರಿಗೆ ಸೇರಿದ ಕೆರೆಯಲ್ಲಿ ನೀರಿಗೆ ಜಗಳವಾಡುವವರು ಇಬ್ಬರಿರುತ್ತಾರೆ. ಏರಿಗೆ ಮಣ್ಣು ಹಾಕುವವನು ಒಬ್ಬನೂ ಇರುವುದಿಲ್ಲ. ಹೊಣೆ ಯಾರದೆಂದು ತಿಳಿಯದಿರುವುದು ಏರಿಯ ಬಿರುಕಿನಷ್ಟೇ ಅಪಾಯಕರ.

ಕರ್ನಾಟಕದಲ್ಲಿ ಇಂದಿಗೂ ಮೂವತ್ತು ಸಾವಿರಕ್ಕೂ ಮಿಕ್ಕ ಕೆರೆಗಳಿವೆ. ಇವುಗಳಲ್ಲಿ ಅನೇಕವು ಶತಮಾನಗಳ ಕಾಲ ಉಳಿದುಬಂದುದು ಆಕಸ್ಮಿಕವಲ್ಲ. ಕೆರೆಯ ಪೋಷಣೆಗೆಂದೇ ‘ಬಿತ್ತುವಟ್ಟ’ ಎಂಬ ದತ್ತಿಯನ್ನು ಬಿಡುತ್ತಿದ್ದರು. ಹೂಳನ್ನು ಸಾಗಿಸುವ ಬಂಡಿಗೆ ದತ್ತಿ ಬಿಟ್ಟ ನಿದರ್ಶನಗಳೂ ಶಾಸನಗಳಲ್ಲಿವೆ. ತೂಬನ್ನು ತೆರೆದು ಮುಚ್ಚಿ ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸಲು ನೀರುಗಂಟಿ ಇದ್ದನು. ಬೇಸಗೆಯಲ್ಲಿ ರೈತರು ಕೆರೆಯಂಗಳದ ಗೋಡು ಮಣ್ಣನ್ನು ತಮ್ಮ ಹೊಲಗಳಿಗೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಕೆರೆಗೆ ಆಳವೂ ಒಂದೇ ದುಡಿಮೆಯಿಂದ ದೊರೆಯುತ್ತಿದ್ದವು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿಕೊಂಡು ಕೆರೆಯನ್ನು ತೋಡಿಸಿದ ವೃತ್ತಾಂತವನ್ನು ಈ ಪುಟಗಳ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಇಂದು ಮಹಾರಾಷ್ಟ್ರಕ್ಕೆ ಸೇರಿದ ಸೊಲ್ಲಾಪುರದಲ್ಲಿ ಆ ಕೆರೆ ಈಗಲೂ ಇದೆ.

ಹಾಗೆಂದು ಹಿಂದಿನದೆಲ್ಲವೂ ಹೊನ್ನೆಂದು ಭಾವಿಸುವುದು ಸತ್ಯಕ್ಕೆ ದೂರವಾದ ಮಾತು. ‘ಕೆರೆಗೆ ಹಾರ’ವೆಂಬ ಜನಪದ ಕಥನಗೀತೆಯಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿಗೆಲ್ಲ ನೀರು ಬೇಕು, ಆದರೆ ಅದರ ಬೆಲೆಯನ್ನು ತೆರಬೇಕಾದವಳು ಮಾತ್ರ ಮಾತಿಲ್ಲದವಳು. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಏರಿಗೆ ಮಣ್ಣು ಹೊತ್ತವರಲ್ಲಿ ಬಹುಮಂದಿಗೆ ಅಚ್ಚುಕಟ್ಟಿನಲ್ಲಿ ಒಂದು ಗೇಣು ಗದ್ದೆಯಿರಲಿಲ್ಲ. ಕೆಲವರಿಗೆ ಕೆರೆಯ ನೀರನ್ನು ಮುಟ್ಟುವ ಅಧಿಕಾರವೂ ಇರಲಿಲ್ಲ. ಆದುದರಿಂದ ಇಂದು ಪಾಲನೆಯ ಮಾತನ್ನಾಡುವಾಗ ಹೊರೆಯನ್ನೂ ಫಲವನ್ನೂ ಸಮನಾಗಿ ಹಂಚಿಕೊಳ್ಳುವ ಮಾತನ್ನೂ ಆಡಬೇಕು. ದುರ್ಬಲರ ಬೆನ್ನ ಮೇಲೆ ನಿಂತ ಊರೊಟ್ಟಿನ ಕಾರ್ಯವು ಊರೊಟ್ಟಿನದಲ್ಲ.

ಆಧುನಿಕ ಕಾಲದಲ್ಲಿ ಕೆರೆಗಳು ಸರ್ಕಾರದ ಇಲಾಖೆಗಳ ಅಧೀನಕ್ಕೆ ಬಂದವು. ಗ್ರಾಮದ ಹಳೆಯ ಉಂಬಳಿ, ಊಳಿಗಗಳು ರದ್ದಾದವು. ಅವುಗಳಲ್ಲಿದ್ದ ಅನ್ಯಾಯ ಹೋದುದು ಒಳ್ಳೆಯದೇ. ಆದರೆ ಅವು ನಿರ್ವಹಿಸುತ್ತಿದ್ದ ಕೆಲಸಕ್ಕೆ ಬೇರೆ ಕೈಗಳು ಎಲ್ಲೆಡೆಯೂ ಸಿದ್ಧವಾಗಲಿಲ್ಲ. ಬಳಿಕ ಕೊಳವೆಬಾವಿಗಳು ಬಂದವು. ತನ್ನ ಹೊಲದಲ್ಲಿಯೇ ನೀರು ಚಿಮ್ಮುವಾಗ ಕೆರೆಯ ಕಡೆಗೆ ನಡೆಯುವ ಅಗತ್ಯ ರೈತನಿಗೆ ಕಾಣಲಿಲ್ಲ. ಆ ಕೊಳವೆಬಾವಿಗೂ ಕೆರೆಯೇ ತಾಯಿಯೆಂಬುದು ಅದು ಬತ್ತಿದ ಮೇಲೆ ತಿಳಿಯಿತು. ‘ಸರ್ಕಾರಿ ಕೆರೆ’ಯೆಂದರೆ ಎಲ್ಲರ ಕೆರೆಯೆಂದು ಅರ್ಥವಾಗಬೇಕಾಗಿದ್ದಿತು, ಯಾರದೂ ಅಲ್ಲದ ಕೆರೆಯೆಂಬ ಅರ್ಥವೇ ರೂಢಿಗೆ ಬಂದಿತು. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಕೈಗೊಂಡ ಕೆರೆ ಅಭಿವೃದ್ಧಿ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ಆಧಾರವಾಗಿಟ್ಟುಕೊಂಡುದಕ್ಕೆ ಕಾರಣ ಇದೇ. ಯಂತ್ರವು ಹೂಳನ್ನು ಎತ್ತಬಲ್ಲದು. ಮತ್ತೆ ಹೂಳು ತುಂಬದಂತೆ ಕಾಯುವವನು ಕೆರೆಯ ಬಳಿ ಬಾಳುವವನೇ. ಪಟ್ಟಣವಾಸಿಗಳೂ ಇದನ್ನು ಕಂಡುಕೊಳ್ಳದಿಲ್ಲ. ಬೆಂಗಳೂರಿನ ಜಯಪ್ರಕಾಶನಗರದ ಬಳಿಯ ಪುಟ್ಟೇನಹಳ್ಳಿ ಕೆರೆಗಾಗಿ ಅಲ್ಲಿಯ ನಿವಾಸಿಗಳು ೨೦೧೦ರಲ್ಲಿ ಒಂದು ಟ್ರಸ್ಟನ್ನು ರಚಿಸಿಕೊಂಡು, ಬಳಿಕ ಅಂದಿನ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಪೋಷಣೆಯ ಹೊಣೆಯನ್ನು ಹೊತ್ತರು.

ಪಾಲನೆಯ ಮಹತ್ತ್ವಕ್ಕೆ ಇತ್ತೀಚಿನ ಕಾಲದ ಎರಡು ಬಾಳುಗಳು ಸಾಕ್ಷಿಯಾಗಿವೆ. ಮೊದಲನೆಯದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರದು. ಶಾಲೆಯ ಮೆಟ್ಟಿಲನ್ನು ಹತ್ತದ, ಕೂಲಿಯಿಂದ ಜೀವಿಸಿದ ಆ ತಾಯಿ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್‌–ಕುದೂರು ರಸ್ತೆಯ ಅಂಚಿನಲ್ಲಿ ಆಲದ ಸಸಿಗಳನ್ನು ನೆಟ್ಟರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು, ಹೀಗೆ ಬೆಳೆದು ಮರಗಳ ಸಂಖ್ಯೆ ೩೮೫ ಎಂದು ಪ್ರಸಿದ್ಧವಾಯಿತು. ಸಸಿ ನೆಡುವುದು ಒಂದು ದಿನದ ಕೆಲಸ. ಇಂದು ಸಮಾರಂಭಗಳಲ್ಲಿ ಅದನ್ನು ಅರ್ಧ ಗಳಿಗೆಯಲ್ಲಿ ಮುಗಿಸುವವರುಂಟು. ಆ ದಂಪತಿಗಳಾದರೋ ದೂರದಿಂದ ಕೊಡಗಳಲ್ಲಿ ನೀರು ಹೊತ್ತು ತಂದೆರೆದರು. ದನಕರುಗಳ ಬಾಯಿಗೆ ಸಿಕ್ಕದಂತೆ ಮುಳ್ಳಿನ ಬೇಲಿ ಕಟ್ಟಿದರು. ಮಕ್ಕಳಿಲ್ಲದ ದಂಪತಿಗಳು ಮರಗಳನ್ನೇ ಮಕ್ಕಳೆಂದು ತಿಳಿದುದು ಸಪ್ತಸಂತಾನದ ಕಲ್ಪನೆಗೆ ಜೀವಂತ ಭಾಷ್ಯದಂತಿದೆ. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಮರಗಳಿಗೆ ಅಪಾಯ ಒದಗಿದಾಗ ಆ ವೃದ್ಧೆ ಮುಖ್ಯಮಂತ್ರಿಗಳಿಗೆ ಮೊರೆಯಿಟ್ಟರು. ನೀರೆರೆಯುವುದೂ ಪಾಲನೆ, ವಿಧಾನಸೌಧದವರೆಗೆ ಹೋಗಿ ಕೇಳುವುದೂ ಪಾಲನೆ. ೨೦೨೫ರ ನವೆಂಬರಿನಲ್ಲಿ ಅವರು ದಿವಂಗತರಾದರು. ನೆರಳು ಮಾತ್ರ ಉಳಿದಿದೆ.

ಎರಡನೆಯದು ಮಂಗಳೂರಿನ ಸಮೀಪದ ಹರೇಕಳದ ಹಾಜಬ್ಬನವರದು. ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದ ಅವರನ್ನು ವಿದೇಶೀಯರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ಉತ್ತರಿಸಲಾಗಲಿಲ್ಲ. ಆ ಸಂಕೋಚವು ಕೋಪವಾಗದೆ ಸಂಕಲ್ಪವಾಯಿತು. ತನ್ನೂರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಅವರು ಶಾಲೆಗಾಗಿ ಓಡಾಡತೊಡಗಿದರು. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಅವರು ತಮ್ಮ ಹೆಸರಿನ ಖಾಸಗಿ ಶಾಲೆಯನ್ನು ತೆರೆಯಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು, ತಮ್ಮ ಉಳಿತಾಯವನ್ನು ಕೂಡಿಸಿ, ಜಾಗವನ್ನು ಹೊಂದಿಸಿ, ಸರ್ಕಾರಿ ಶಾಲೆಯನ್ನೇ ಊರಿಗೆ ತಂದರು. ಆರಂಭದಲ್ಲಿ ಮದರಸದ ಕಟ್ಟಡದಲ್ಲಿ ನಡೆದ ಪಾಠಗಳು ಸ್ವಂತ ಕಟ್ಟಡಕ್ಕೆ ಬಂದವು. ಪ್ರಾಥಮಿಕ ಶಾಲೆಯ ಬೆನ್ನಿಗೆ ಪ್ರೌಢಶಾಲೆಯೂ ಬಂದಿತು. ಬಹುಮಾನವಾಗಿ ಬಂದ ಹಣವನ್ನೂ ಅವರು ಶಾಲೆಗೇ ಒಪ್ಪಿಸಿದರು. ೨೦೨೦ರಲ್ಲಿ ಘೋಷಿತವಾದ ಪದ್ಮಶ್ರೀಯನ್ನು ೨೦೨೧ರಲ್ಲಿ ಬರಿಗಾಲಿನಲ್ಲಿಯೇ ಹೋಗಿ ರಾಷ್ಟ್ರಪತಿಗಳಿಂದ ಸ್ವೀಕರಿಸಿದರು. ಶಾಲೆ ಆರಂಭವಾದ ದಿನ ತನ್ನ ಕೆಲಸ ಮುಗಿಯಿತೆಂದು ಅವರು ಕೈಕಟ್ಟಿ ಕೂತಿದ್ದರೆ ಈ ಕಥೆಗೆ ಅಷ್ಟೊಂದು ಬೆಲೆಯಿರುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಶಾಲೆ, ರಸ್ತೆ, ಕೆರೆಗಳನ್ನು ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವಲ್ಲವೆ? ತೆರಿಗೆ ಕೊಟ್ಟ ಪ್ರಜೆ ಹಾರೆ ಗುದ್ದಲಿಯನ್ನೂ ಹಿಡಿಯಬೇಕೆ? ಬಡವರ ಶ್ರಮದಾನವನ್ನು ಹೊಗಳುತ್ತ ಅಧಿಕಾರಸ್ಥರನ್ನು ಹೊಣೆಯಿಂದ ಬಿಡುಗಡೆ ಮಾಡಿದಂತಾಗುವುದಿಲ್ಲವೆ? ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಪಾಲನೆಯೆಂದರೆ ಗುದ್ದಲಿ ಹಿಡಿಯುವುದಷ್ಟೇ ಅಲ್ಲ. ಕೇಳುವುದು, ಲೆಕ್ಕ ನೋಡುವುದು, ಆದ ಕೆಲಸಕ್ಕೆ ಸಾಕ್ಷಿಯಾಗಿ ನಿಲ್ಲುವುದು, ಆಗದ ಕೆಲಸವನ್ನು ಸಭೆಯಲ್ಲಿ ಎತ್ತಿ ಹೇಳುವುದು ಇವೂ ಪಾಲನೆಯ ಅಂಗಗಳೇ.

ಇದಕ್ಕೆ ಬೇಕಾದ ಸಾಧನಗಳನ್ನು ಕರ್ನಾಟಕವು ಇತರ ಅನೇಕ ರಾಜ್ಯಗಳಿಗಿಂತ ಮೊದಲೇ ಪಡೆಯಿತು. ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ತಂದ ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದವು. ಸ್ತ್ರೀಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನ ಮೀಸಲಾಯಿತು. ಹಳ್ಳಿಗಳಿಗೆ ಕುಡಿಯುವ ನೀರನ್ನು ಒದಗಿಸಿದ ಅವರನ್ನು ಜನರು ‘ನೀರ್ ಸಾಬ್’ ಎಂದೇ ಕರೆದರು. ಸಂವಿಧಾನದ ೭೩ನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ರಾಜ್ಯದ ಪಂಚಾಯತ್ ರಾಜ್ ಕಾಯಿದೆ ಬಂದಿತು. ೨೦೧೦ರ ತಿದ್ದುಪಡಿಯಿಂದ ಮಹಿಳೆಯರ ಮೀಸಲು ಅರ್ಧಕ್ಕೆ ಏರಿತು. ೨೦೦೧ರಿಂದ ಸರ್ಕಾರಿ ಶಾಲೆಗಳಲ್ಲಿ ತಂದೆತಾಯಿಗಳ ಪ್ರಾಧಾನ್ಯವುಳ್ಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಡೆದುಬಂದಿವೆ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯು ಕಡತವನ್ನು ಕೇಳುವ ಅಧಿಕಾರವನ್ನು ಕೂಲಿಯವನಿಗೂ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಬೇಕೆಂಬುದು ಕಾನೂನು. ಸಾಧನಗಳು ಕೈಯಲ್ಲಿವೆ, ಕೊರತೆಯಿರುವುದು ಹಿಡಿಯುವ ಕೈಗೆ. ಮದುವೆಯ ಊಟಕ್ಕೆ ತುಂಬುವ ಸಮುದಾಯಭವನವು ಗ್ರಾಮಸಭೆಯ ದಿನ ಬರಿದಾಗಿರುವಲ್ಲಿ ದೋಷವನ್ನು ಪೂರ್ತಿಯಾಗಿ ಸರ್ಕಾರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಜಬ್ಬನವರು ಓಡಾಡಿದುದೂ ತಿಮ್ಮಕ್ಕನವರು ಮೊರೆಯಿಟ್ಟುದೂ ಸರ್ಕಾರದ ಬಳಿಗೇ. ತಮ್ಮ ಪಾಲಿನ ದುಡಿಮೆಯನ್ನು ಮೊದಲು ಮಾಡಿ ಅನಂತರ ಕೇಳಿದುದರಿಂದ ಅವರ ಮಾತಿಗೆ ತೂಕ ಬಂದಿತು. ಕೇಳದೆ ದುಡಿಯುವವನು ದಣಿಯುತ್ತಾನೆ. ದುಡಿಯದೆ ಕೇಳುವವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವಿದ್ಯಾಸಂಸ್ಥೆಗಳಿಗೆ ಈ ವಿಚಾರ ಅತ್ಯಂತ ಹತ್ತಿರದ್ದು. ಕೊಠಡಿಯೊಂದನ್ನು ಕಟ್ಟಿಸಿ ಹಿರಿಯರ ಹೆಸರನ್ನು ಬಾಗಿಲ ಮೇಲೆ ಕೆತ್ತಿಸುವ ದಾನಿಗಳು ನಾಡಿನಲ್ಲಿ ಹೇರಳವಾಗಿದ್ದಾರೆ. ಅವರ ಔದಾರ್ಯ ವಂದನೀಯ. ಆದರೆ ಒಡೆದ ಹೆಂಚನ್ನು ಬದಲಿಸಲು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನಿತ್ಯವೂ ನೀರು ಒದಗಿಸಲು, ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಹಾಕಿಸಲು ದತ್ತಿ ಬಿಡುವವರು ವಿರಳ. ಹೆಂಚಿನ ಮೇಲೆ ಹೆಸರು ಕೆತ್ತಲು ಬರುವುದಿಲ್ಲವಷ್ಟೆ! ಪ್ರತಿಯೊಂದು ಕಟ್ಟಡದ ದಾನದೊಡನೆ ಅದರ ಒಂದಂಶವನ್ನು ಪೋಷಣೆಗೆಂದು ಪ್ರತ್ಯೇಕವಾಗಿ ತೆಗೆದಿರಿಸಿ, ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ದುರಸ್ತಿ ನಡೆಸುವ ಪದ್ಧತಿ ಬರಬೇಕು. ಇದು ಹೊಸ ಮಾತೇನಲ್ಲ; ಹಿರಿಯರ ಬಿತ್ತುವಟ್ಟವೇ ಇದು.

ಹಳೆಯ ವಿದ್ಯಾರ್ಥಿಗಳ ಪಾಲೂ ಇದರಲ್ಲಿದೆ. ವರ್ಷಕ್ಕೊಮ್ಮೆ ಸೇರಿ ಹಳೆಯ ನೆನಪುಗಳನ್ನು ಹೇಳಿಕೊಳ್ಳುವುದು ಇಂಪಾದುದೇ. ಒಂದೊಂದು ಸಾಲಿನವರು ಒಂದೊಂದು ಕೆಲಸವನ್ನು, ಬಾವಿಯನ್ನೋ ಆಟದ ಬಯಲನ್ನೋ ಪುಸ್ತಕದ ಕಪಾಟನ್ನೋ, ಹತ್ತು ವರ್ಷದ ಮಟ್ಟಿಗೆ ವಹಿಸಿಕೊಂಡರೆ ಆ ಇಂಪಿಗೆ ಅರ್ಥವೂ ಕೂಡುತ್ತದೆ. ಉಪಾಧ್ಯಾಯರಾದರೋ ಪೌರನೀತಿಯ ಪಾಠವನ್ನು ಪುಸ್ತಕದಲ್ಲಿಯೇ ಮುಗಿಸದೆ ಮಕ್ಕಳನ್ನು ಗ್ರಾಮಸಭೆಗೆ ಕರೆದೊಯ್ದು ಕೂಡಿಸಬೇಕು. ಊರ ಕೆರೆಯ ತೂಬು ಎಲ್ಲಿದೆ, ಕೋಡಿ ಎತ್ತ ಹರಿಯುತ್ತದೆಂದು ತೋರಿಸಬೇಕು. ಶಾಲೆಯ ಗಿಡಕ್ಕೆ ನೀರೆರೆಯುವ ಸರದಿ ಯಾವ ಮಗುವಿಗೂ ತಪ್ಪಬಾರದು. ಅಂಗಳ ಗುಡಿಸುವ ಸರದಿ ಹುಡುಗಿಯರಿಗೆ, ಸಭೆಯಲ್ಲಿ ಮಾತನಾಡುವ ಸರದಿ ಹುಡುಗರಿಗೆ ಎಂಬ ಭೇದವೂ ಸಲ್ಲದು. ಭಾಗೀರಥಿಯ ಕಥೆಯನ್ನು ಓದಿ ಕಣ್ಣೀರು ಸುರಿಸುವ ತರಗತಿ ಕಲಿಯಬೇಕಾದುದು ಇದನ್ನೇ.

ಕಟ್ಟಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಕಾಯ್ದವರ ಹೆಸರನ್ನು ಬರೆದ ಕಲ್ಲುಗಳು ಕಡಮೆ. ಆದರೆ ಆರುನೂರು ವರ್ಷದ ಕೆರೆಯೊಂದರಲ್ಲಿ ಈ ವರ್ಷವೂ ನೀರು ನಿಂತಿದೆಯೆಂದರೆ ಪ್ರತಿಯೊಂದು ತಲೆಮಾರಿನಲ್ಲಿಯೂ ಯಾರೋ ಏರಿಯ ಮೇಲೆ ನಡೆದು ಬಿರುಕನ್ನು ನೋಡಿದ್ದಾರೆ, ಒಂದು ಬುಟ್ಟಿ ಮಣ್ಣು ಹಾಕಿದ್ದಾರೆ ಎಂದೇ ಅರ್ಥ. ಈ ತಲೆಮಾರಿನ ಬುಟ್ಟಿ ಇನ್ನೂ ಏರಿಯ ಕೆಳಗೇ ಇದೆ.