ಕಂಬಳಿ ಮುಟ್ಟಿ ಜ್ವರ ನೋಡುವುದೆ?

ಟರ್ಬೊ ಡೀಸೆಲ್ ವಾಹನಕ್ಕೆ ನಿಷ್ಕಾಸ ಅನಿಲದ ಉಷ್ಣತೆ ಅಳೆಯುವ ಥರ್ಮೊಕಪಲ್ ಅಳವಡಿಸುವವರು ಅದನ್ನು ಟರ್ಬೈನಿಗಿಂತ ಮೊದಲೇ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೂರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸೀಬೆಕ್ 1821ರಲ್ಲಿ ಕಂಡ ಪರಿಣಾಮವೇ ಈ ಉಪಕರಣದ ಆಧಾರವೆಂಬುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಟರ್ಬೈನಿನ ಆಚೆಯ ಕೊಳವೆಗೆ ರಂಧ್ರ ಕೊರೆಯುವುದು ಸುಲಭ, ನಿಜ. ಆದರೆ ಟರ್ಬೈನನ್ನು ತಿರುಗಿಸುವಾಗ ಅನಿಲವು ಶಕ್ತಿ ಕಳೆದುಕೊಂಡು ತಣಿಯುತ್ತದೆ. ಈ ಅಂತರ ನೂರು ಡಿಗ್ರಿಯನ್ನೂ ಮೀರಬಹುದು. ಹೊರೆಗೆ ತಕ್ಕಂತೆ ಬದಲಾಗುವುದರಿಂದ ಇಂತಿಷ್ಟೆಂದು ಕೂಡಿಸಿಕೊಳ್ಳುವಂತೆಯೂ ಇಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೆಚ್ಚಿದಷ್ಟೂ ಶಾಖ ಹೆಚ್ಚು. ಏರಿನಲ್ಲಿ ಹೊರೆ ಎಳೆಯುವಾಗ ಅನಿಲ 700 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಪಿಸ್ಟನ್ನಾದರೋ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿ ಕರಗುತ್ತದೆ. ಎಣ್ಣೆ, ನೀರುಗಳು ಶಾಖವನ್ನು ಹೊತ್ತೊಯ್ಯುವುದರಿಂದಲೇ ಅದು ಉಳಿದಿದೆ. ನೀರಿನ ಮಾಪಕ ತಡವಾಗಿ ಏರುತ್ತದೆ. ಥರ್ಮೊಕಪಲ್ ಕೆಲವೇ ಕ್ಷಣಗಳಲ್ಲಿ ಎಚ್ಚರಿಸುತ್ತದೆ, ಆಗ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದರೆ ಸಾಕು.

ತುದಿ ಮುರಿದು ಟರ್ಬೈನಿಗೆ ಬಡಿದೀತೆಂಬ ಅಂಜಿಕೆ ನಿರಾಧಾರವಲ್ಲ. ಅದಕ್ಕೆ ಪರಿಹಾರ ಗಟ್ಟಿಯಾದ ಉಕ್ಕಿನ ಕವಚವುಳ್ಳ ಉಪಕರಣವೇ ಹೊರತು ಸ್ಥಳಾಂತರವಲ್ಲ. ಮ್ಯಾನಿಫೋಲ್ಡನ್ನು ಕಳಚಿಯೇ ಕೊರೆಯಿರಿ. ಒಳಗುಳಿದ ಒಂದು ಲೋಹದ ಚೂರೂ ಟರ್ಬೈನಿನ ಎಲೆಗಳನ್ನು ಕೆಡಿಸೀತು.

ಅಷ್ಟು ತಾಳ್ಮೆಯಿಲ್ಲದಿದ್ದರೆ ಅಳವಡಿಸದಿರುವುದೇ ಲೇಸು. ಮಾಪಕವಿಲ್ಲದವನು ಅಂಜಿಯಾದರೂ ಓಡಿಸುತ್ತಾನೆ. ಸುಳ್ಳು ಮಾಪಕವುಳ್ಳವನು ನಿಶ್ಚಿಂತೆಯಿಂದ ಎಂಜಿನ್ ಸುಡುತ್ತಾನೆ.